ಪಂಚಮಿಗೆ ತಂದ ಹುಲಿ ಹಲಗೆ

ಬ್ಯಾಡಗಿ
೫ ಅಕ್ಟೋಬರ್ ೨೦೨೫, ರವಿವಾರ

ಪ್ರೀತಿಯ ತಮ್ಮ ಪ್ರವೀಣನಿಗೆ,

ಈಗ ರಾತ್ರಿ ಒಂದೂವರೆ. ‘ಚಿಟ್’ ಎಂದು ಸಪ್ಪಳವಾಗಿ ಎಚ್ಚರವಾಯಿತು. ಎದ್ದು ಕುಳಿತು ಕಿವಿಗೊಟ್ಟೆ. ಹಿತ್ತಲಿನ ತಗಡು ತಂಪಿಗೆ ಸೆಟೆದುಕೊಂಡ ಸಪ್ಪಳ, ಅಷ್ಟೇ. ಆದರೆ ಮತ್ತೆ ಕಣ್ಣು ಮುಚ್ಚಲಾಗಲಿಲ್ಲ. ಆ ಸಪ್ಪಳವನ್ನು ನಾನು ಮೊನ್ನೆ ಬೇರೆ ಕಡೆ ಕೇಳಿದ್ದೆ.

ನೀನು, ಮಹೇಶ್ವರಿ, ಪುಟ್ಟ ಮೈಲಾರಿ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ದಸರೆಗೆ ಒಂದು ಸಾಲನ್ನೂ ಬರೆಯಲಿಲ್ಲ, ತಪ್ಪು ನನ್ನದೇ. ನೀನೂ ಈ ಸಲ ಬನ್ನಿ ಕೊಡಲು ಬರಲಿಲ್ಲ. ರಾಣೇಬೆನ್ನೂರು ಎಷ್ಟು ದೂರ? ದಾಂಡೇಲಿಯ ಸಾಹಸ ಕ್ಯಾಂಪಿನ ಕೆಲಸದಿಂದ ಹಬ್ಬಕ್ಕೆ ಮನೆಗೆ ಬಂದವನಿಗೆ ಇಲ್ಲಿಗೆ ಬರಲು ದಾರಿ ಸಿಗಲಿಲ್ಲವೇ? ನನ್ನ ಫೋನನ್ನೂ ನೀನು ಎತ್ತುತ್ತಿಲ್ಲ. ಅದಕ್ಕೇ ನೀನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದಂತೆ ಕಾಗದದ ಮೇಲೆ ಬರೆದು, ಫೋಟೊ ತೆಗೆದು ಕಳಿಸುತ್ತೇನೆ. ಫೋನ್ ಎತ್ತದಿದ್ದರೂ ಮೆಸೇಜು ಓದುತ್ತೀ ಎಂದು ಗೊತ್ತಿದೆ. ನೀಲಿ ಗೆರೆ ನನಗೂ ಕಾಣುತ್ತದೆ.

ಪಂಚಮಿಗೆ ನೀನು ಉಂಡಿಯ ಡಬ್ಬಿಯ ಜೊತೆ ಆ ಹಲಗೆಯನ್ನು ಹೊತ್ತು ತಂದಾಗ ಓಣಿಯೇ ನೋಡಲು ನಿಂತಿತ್ತು. ಮೇಲೆ ನಿಂತು ಗುಡ್ಡ ಇಳಿಯುವ ಆ ನಾಲ್ಕು ಗಾಲಿಯ ಹಲಗೆಗೆ ‘ಮೌಂಟನ್ ಬೋರ್ಡ್’ ಎಂದು ನೀನು ಹೇಳಿದರೂ ನಮ್ಮ ಮನೆಯಲ್ಲಿ ಆ ಹೆಸರು ನಿಲ್ಲಲಿಲ್ಲ. ಹೊಟ್ಟೆಯಡಿ ಹುಲಿಯ ಸ್ಟಿಕರ್ ಇದ್ದುದರಿಂದ ನನ್ನ ಹೊನ್ನಿ ಅದಕ್ಕೆ ‘ಹುಲಿ ಹಲಗಿ’ ಎಂದಳು. ನಮ್ಮತ್ತೆಯಂತೂ, “ತಂಗಿ ಮನಿಗಿ, ಅಕ್ಕನ ಮನಿಗಿ ಸೀರಿ ತರೂದು ಕೇಳೇನಿ, ಗಾಲಿ ಹಚ್ಚಿದ ಮಣಿ ತರೂದು ಇವತ್ತ ನೋಡಿದೆ,” ಎಂದು ನಕ್ಕಿದ್ದರು. ಹುಸಿ ಹೇಳುವುದಿಲ್ಲ, ಆ ದಿನ ನನಗೆ ಹೆಮ್ಮೆಯೇ ಆಗಿತ್ತು. ತವರಿನಿಂದ ಯಾರಿಗೂ ಬರದ ಉಡುಗೊರೆ ನನಗೆ ಬಂದಿತ್ತು.

ಮರುವಾರ ಮೇಡ್ಲೇರಿಯಲ್ಲಿ ನಮ್ಮ ಹೊಲದ ಬದುವಿನ ಹುಲ್ಲಿನ ಇಳಿಜಾರಿನಲ್ಲಿ ನೀನು ಎಲ್ಲರಿಗೂ ಕಲಿಸಿದ್ದು ನೆನಪಿದೆಯೇ? ನನ್ನನ್ನೂ ನಿಲ್ಲಿಸಿದ್ದೆ. “ಮದ್ಲ ಬೀಳೂದು ಕಲಿ ಅಕ್ಕಾ, ಆಮ್ಯಾಲ ನಿಲ್ಲೂದು,” ಎಂದು ಹುಲ್ಲಿನ ಮೇಲೆ ಬೇಕೆಂದೇ ಉರುಳಿಸಿದ್ದೆ. ಗಾಲಿಗೆ ಗಾಳಿ ಕಡಿಮೆ ಇರಬೇಕು, ಆಗ ಸಾವಕಾಶ ಉರುಳುತ್ತದೆ. ಇಳಿಜಾರು ಕೊನೆಗೆ ಸಮತಟ್ಟಾಗಬೇಕು, ಆಗ ತಾನೇ ನಿಲ್ಲುತ್ತದೆ. ಪಾದದ ಪಟ್ಟಿ ಬಿಗಿಯಾಗಿರಬೇಕು, ಆದರೆ ಬಿದ್ದಾಗ ಕಾಲು ಜಾರಿ ಹೊರಬರಬೇಕು. ಅದೆಲ್ಲ ನನಗಿನ್ನೂ ಬಾಯಿಪಾಠವಿದೆ. ನೀನು ಇವರಿಗೆ ಹೇಳಿದ್ದೂ ನೆನಪಿದೆ: “ಮಾಮಾ, ಯಾರರ ಹಳೇ ಹಲಗಿ ಕೊಟ್ರ ಮದ್ಲ ಬೋರಲ ಹಾಕಿ ನೋಡಬೇಕು. ಗಾಲಿ ಹೋದ್ರ ಬ್ಯಾರೇದು ಹಾಕಬಹುದು. ಹಲಗಿ ಬಿರುಕ ಬಿಟ್ರ ಮುಗೀತು, ಒಲಿಗಿ ಹಾಕಬೇಕು.”

ಒಲೆಗೆ ಹಾಕಬೇಕು ಎಂದವನು ನೀನು.

ಆಯುಧ ಪೂಜೆಯ ದಿನ ಇವರು ಕಾರಿನ ಜೊತೆಗೇ ಹಲಗೆಯನ್ನೂ ಪೈಪು ಹಿಡಿದು ತೊಳೆದರು. ಗಾಲಿಯ ಬೇರಿಂಗಿಗೆ ನೀರು ಹೋಗಬಾರದೆಂದು ನೀನು ಹೇಳಿದ್ದೆಯಲ್ಲ ಎಂದರೆ, “ಪೂಜಿಗಿ ಹೊಲಸ ಇಡಾಕ ಬರತೈತೇನ?” ಎಂದರು. ಗಾಲಿ ಕಿರ್ ಎನ್ನತೊಡಗಿದಾಗ ಅತ್ತೆ ಕುಸುಬಿ ಎಣ್ಣೆ ಬಿಟ್ಟರು. ಅಂಗಡಿಯ ತಕ್ಕಡಿ, ಹಮಾಲರ ಕೊಕ್ಕೆ, ಕಾರು, ಅವುಗಳ ಪಕ್ಕ ಹುಲಿ ಹಲಗೆ. ಹಸಿ ವಿಭೂತಿಯನ್ನು ಉದ್ದಕ್ಕೂ ಮೂರು ಪಟ್ಟೆ ಬಳಿದು, ಕುಂಕುಮವಿಟ್ಟು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಹೊನ್ನಿ ಅದರ ಮೇಲೆ ನಿಂತು ಕೈಮುಗಿದಳು.

ಮರುದಿನ ವಿಭೂತಿ ಒಣಗಿತ್ತು. ಮೂರೂ ಪಟ್ಟೆಗಳು ಒಂದೇ ಜಾಗದಲ್ಲಿ, ಹಲಗೆಯ ನಟ್ಟನಡುವೆ, ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದವು. ಒಂದು ಪಟ್ಟೆ ಎಲ್ಲಾದರೂ ಬಿರಿಯಬಹುದು. ಮೂರೂ ಒಂದೇ ಗೆರೆಯಲ್ಲಿ ಏಕೆ ಬಿರಿಯಬೇಕು? ನಾನು ಹಲಗೆಯ ಮೇಲೆ ಹತ್ತಿ ನಿಂತೆ. ‘ಚಿಟ್’ ಎಂದಿತು. ಗೆರೆ ಬಾಯಿ ಮುಚ್ಚಿತು, ಇಳಿದಾಗ ತೆರೆಯಿತು.

ಒದ್ದೆ ಬಟ್ಟೆ ತಂದು ವಿಭೂತಿ ಒರೆಸಿದೆ, ಇವರಿಗೆ ತೋರಿಸಲು. ಅಲ್ಲಿಗೆ ಎಲ್ಲ ಕೆಟ್ಟಿತು. ಅತ್ತೆ ಬಂದು ನೋಡಿದವರೇ, “ಪೂಜಿ ಮಾಡಿದ ವಿಭೂತಿ ಒರಿಸಿದ್ಯಾ? ದಸರಿ ಮುಗಿಯೂದರಾಗ? ಏನರ ಆದ್ರ ನಿನ್ನ ಕೈಯಿಂದ ಆದಂಗ ನೋಡವಾ,” ಎಂದರು. ಬಿರುಕಿನ ಮಾತು ಅಲ್ಲಿಯೇ ಉಳಿಯಿತು. ಒರೆಸಿದವಳ ಮಾತೇ ಮನೆತುಂಬ ಓಡಾಡಿತು.

ಇವರು ನಿನಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು, ನಾನು ಪಕ್ಕದಲ್ಲೇ ನಿಂತಿದ್ದೆ. ಅದು ನಿನಗೆ ಗೊತ್ತಿತ್ತೋ ಇಲ್ಲವೋ.

“ಪ್ರವೀಣ್ಯಾ, ನಿಮ್ಮಕ್ಕ ಹಲಗಿ ಸೀಳೇತಿ ಅನ್ನಾಕತ್ತಾಳ.”

“ಏ, ಬಣ್ಣದ ಗೀರು ಇರತೈತಿ ಮಾಮಾ. ಅಕ್ಕಗ ನಿದ್ದಿಲ್ಲ, ಹಂಗ ಕಾಣ್ತೈತಿ.”

ಇಬ್ಬರೂ ನಕ್ಕಿರಿ. ನಕ್ಕಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ನನ್ನ ನಿದ್ದೆಯ ವಿಷಯವನ್ನು ನಾನು ಹೇಳಿದ್ದು ನಿನಗೊಬ್ಬನಿಗೇ. ಹೊನ್ನಿ ಹುಟ್ಟಿದಂದಿನಿಂದ ನನಗೆ ನೆಟ್ಟಗೆ ನಿದ್ದೆ ಬರುವುದಿಲ್ಲ, ಆಕೆಯ ಉಸಿರು ಎಣಿಸುತ್ತ ಮಲಗುತ್ತೇನೆ ಎಂದು. ನೀನು ಅದನ್ನೇ ತೆಗೆದು ಅವರ ಕೈಗೆ ಕೊಟ್ಟೆ. ಆಮೇಲೆ ಹಾವೇರಿಯ ಡಾಕ್ಟರರ ಬಳಿಗೂ ಕರೆದೊಯ್ದರು. ಈಗ ಈ ಮನೆಯಲ್ಲಿ ನಾನು ಹಾಲು ಒಡೆದಿದೆ ಎಂದರೂ, “ಗುಳಗಿ ತಗೊಂಡಿಯಿಲ್ಲ?” ಎಂದು ಕೇಳುತ್ತಾರೆ.

ಈಗ ಮುಖ್ಯ ಮಾತು. ಬೆಳಗಾದರೆ ಇವರು ಕುಪ್ಪೇಲೂರಿನ ಆಚೆಯ ಗುಡ್ಡಕ್ಕೆ ಹೊರಟಿದ್ದಾರೆ. ಹಾವೇರಿಯ ಗೆಳೆಯರು ವಿಡಿಯೊ ಮಾಡಲು ಬರುತ್ತಾರಂತೆ. ಅದು ಹುಲ್ಲಿನ ಬದು ಅಲ್ಲ, ಪುಡಿಗಲ್ಲಿನ ಗರಸಿನ ಇಳಿಜಾರು, ಕೆಳಗೆ ಸಮತಟ್ಟೂ ಇಲ್ಲ, ಕಲ್ಲಿನ ಒಡ್ಡು. ಗಾಲಿಗೆ ಗಾಳಿಯನ್ನೂ ಕಲ್ಲಿನಂತೆ ತುಂಬಿದ್ದಾರೆ. ಇವರೊಬ್ಬರೇ ಇಳಿಯುವುದಿದ್ದರೆ ನಾನು ಮುಖ ತಿರುಗಿಸಿಕೊಂಡು ಸುಮ್ಮನಿರುತ್ತಿದ್ದೆನೇನೋ. ತಮ್ಮ ಎರಡು ಕಾಲುಗಳ ನಡುವೆ ಹೊನ್ನಿಯನ್ನು ನಿಲ್ಲಿಸಿಕೊಂಡು ಇಳಿಯುತ್ತಾರಂತೆ. ಆರು ವರ್ಷದ ಹುಡುಗಿ, ನಮ್ಮವ್ವನ ಹೆಸರು ಹೊತ್ತವಳು. ಹೆಲ್ಮೆಟ್ ಅವಳ ತಲೆಗೆ ದೊಡ್ಡದು, ಒಳಗೆ ನನ್ನ ಹಳೆಯ ಓಢಣಿ ತುರುಕಿದ್ದಾರೆ. ಮಗು ಹಿಗ್ಗಿನಲ್ಲಿ ಬೂಟು ಹಾಕಿಕೊಂಡೇ ಅಜ್ಜಿಯ ಪಕ್ಕ ಮಲಗಿದ್ದಾಳೆ. ನನ್ನ ಪಕ್ಕ ಮಲಗಿದರೆ ನಾನು ಹೆದರಿಸುತ್ತೇನಂತೆ.

ಹಲಗೆಯನ್ನು ನಾನು ಬಚ್ಚಿಟ್ಟೇನೆಂದು ಸಂಜೆಯೇ ಕಾರಿನಲ್ಲಿಟ್ಟು, ಕೀಲಿಯನ್ನು ತಲೆದಿಂಬಿನಡಿ ಹಾಕಿಕೊಂಡಿದ್ದಾರೆ. ಬಿರುಕಿನ ಮೇಲೆ ಅತ್ತೆ ಮತ್ತೆ ವಿಭೂತಿ ಬಳಿದಿದ್ದಾರೆ, ಈ ಸಲ ದಪ್ಪಗೆ. ಈಗ ಯಾರಿಗೂ ಏನೂ ಕಾಣುವುದಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಇವರನ್ನು ಎಬ್ಬಿಸಿ ಕಾಲು ಹಿಡಿದೆ. ಬೈಯಲಿಲ್ಲ. ಅರ್ಧ ನಿದ್ದೆಯಲ್ಲಿ, “ನಿಮ್ಮ ತಮ್ಮ ಒಂದ ಮಾತು ಬ್ಯಾಡ ಅನ್ಲಿ ಸುಧಾ, ನಾ ಒಯ್ಯೂದಿಲ್ಲ. ಅಂವಗ ತಿಳೀತೈತಿ, ನಿನಗ ತಿಳ್ಯೂದಿಲ್ಲ. ಮಲಕೋ,” ಎಂದು ಮಗ್ಗಲು ಬದಲಿಸಿದರು.

ಕೇಳಿದೆಯಾ? ನನ್ನ ಮಗಳ ತಾಯಿ ನಾನು. ಆದರೆ ಅವಳು ಆ ಗುಡ್ಡ ಹತ್ತಬೇಕೋ ಬೇಡವೋ ಎಂದು ಹೇಳಬೇಕಾದವನು ನೀನು. ನಿನ್ನ ಒಂದು ಮಾತು ಸಾಕು. ಅಕ್ಕ ಅಂದದ್ದು ಖರೇ ಎನ್ನುವುದೂ ಬೇಡ. ನನಗೆ ಹುಚ್ಚು ಎಂದೇ ಹೇಳು, ಆದರೆ ಆ ಹಲಗೆ ಬೇಡ ಎಂದುಬಿಡು.

ನಿನಗೂ ನಿನ್ನ ಮನೆಯವರಿಗೂ ದೇವರು ಒಳ್ಳೆಯದು ಮಾಡಲಿ. ಮೈಲಾರಿ ಬಿದ್ದರೂ ಹುಲ್ಲಿನ ಮೇಲೆಯೇ ಬೀಳಲಿ.

ನಿನ್ನ ಅಕ್ಕ,
ಸುಧಾರಾಣಿ

ತಾ.ಕ.: ಇದನ್ನು ಬರೆಯಬಾರದೆಂದೇ ಸಹಿ ಹಾಕಿದ್ದೆ. ರಾತ್ರಿ ಊಟದ ಹೊತ್ತಿಗೆ ಮಹೇಶ್ವರಿಗೆ ಫೋನ್ ಮಾಡಿದ್ದೆ, ನೀನು ಸಿಗಬಹುದೆಂದು. ನೀನು ಸಿಗಲಿಲ್ಲ. ಅವಳಿಗೇ ಬೆಳಗಿನ ಗುಡ್ಡದ ಸುದ್ದಿ ಹೇಳಿದೆ. ಪಾಪ, ಅವಳಿಗೆ ಏನೂ ಗೊತ್ತಿಲ್ಲ. “ಹೊನ್ನಿಗಿ ಕೊಟ್ಟಿದ್ದು ಹೊಸಾದು ಅಲ್ಲೇನ್ರೀ ಅಕ್ಕಾರ, ಹಂಗಾರ ಏನೂ ಆಗೂದಿಲ್ಲ ಬಿಡ್ರಿ. ನಮ್ಮನ್ಯಾಗ ಹಳೇದೊಂದಿತ್ತು ನೋಡ್ರಿ, ಇವರು ಅದರ ಮ್ಯಾಲಿಂದ ಬಿದ್ದು ನಡುವ ಸೀಳಿತ್ತು. ಅಂಟು ತುಂಬಿ, ಕೆಳಗ ಹುಲಿ ಚಿತ್ರ ಅಂಟಿಸಿ, ಮೈಲಾರಿಗಿ ಮುಟ್ಟಗೊಡಬ್ಯಾಡ ಅಂತ ಅಟ್ಟದ ಮ್ಯಾಲ ಇಟ್ಟಿದ್ರು. ಈಗ ಕಾಣವಲ್ದು, ಒಲಿಗಿ ಹಾಕ್ಯಾರೇನೋ,” ಎಂದಳು.

ನಾನು ಹೂಂ ಎಂದು ಫೋನ್ ಇಟ್ಟೆ. ಅದು ಎಲ್ಲಿದೆ ಎಂದು ಅವಳಿಗೆ ಹೇಳಲಿಲ್ಲ. ಇವರಿಗೂ ಇನ್ನೂ ಹೇಳಿಲ್ಲ. ಹೇಳಿದರೆ ಈ ಮನೆಯಲ್ಲಿ ನನ್ನ ತವರು ಎನ್ನುವುದು ಅಲ್ಲಿಗೆ ಮುಗಿಯುತ್ತದೆ. ನೀನು ಹೇಳದಿದ್ದರೆ, ಕಾರು ಹೊರಡುವಾಗ ಎಲ್ಲರೆದುರು ನಾನೇ ಹೇಳುವವಳು. ಆದರೆ ನಿದ್ದೆಯಿಲ್ಲದವಳು ಕಟ್ಟಿದ ಕತೆ ಎಂದರೆ ಏನು ಮಾಡಲಿ? ನಂಬಿಸುವಷ್ಟರಲ್ಲಿ ಕಾರು ಹೋಗಿಬಿಟ್ಟರೆ?

ನಿನ್ನ ಮಗನ ಕೈಗೆ ಸಿಗದಂತೆ ಅಟ್ಟಕ್ಕೇರಿಸಿದ್ದನ್ನು ಇಳಿಸಿ, ಉಂಡಿಯ ಜೊತೆ ನನ್ನ ಮಗಳಿಗೆ ತಂದೆ. ಏಕೆ ಎಂದು ನಾನು ಕೇಳುವುದಿಲ್ಲ. ಇನ್ನು ಮುಂದೆ ಬನ್ನಿ ಕೊಡಲು ಬಾ ಎಂದೂ ಕರೆಯುವುದಿಲ್ಲ. ನನ್ನ ಜೊತೆ ಮಾತೇ ಬೇಡ. ಇವರಿಗೆ ಫೋನ್ ಮಾಡು. ನಸುಕಿಗೇ ಏಳುತ್ತಾರೆ, ಎದ್ದ ಕೂಡಲೇ ಹೊರಡುತ್ತಾರೆ. ಅದಕ್ಕೂ ಮುಂಚೆ, ಬೆಳಗಾಗುವ ಮುಂಚೆ, ಒಂದೇ ಒಂದು ಫೋನ್ ಮಾಡು ಪ್ರವೀಣ. ನಿನಗೆ ಕೈಮುಗಿಯುತ್ತೇನೆ, ಮಾಡಪ್ಪಾ.