ಕುರಿ ಮೆಟ್ಲು

ಜುಂಜಪ್ಪಜ್ಜಾ,

ಅದೇ, ಆವತ್ತು ಊರಿನ ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಮಾತು ಅರ್ಧಕ್ಕೇ ನಿಂತೋಯ್ತಲ್ಲ, "ತಟ್ಟೆ ತಳಕ್ಕಿಂತ ಬಾಯಿ ಅಗಲ ಕಣವ್ವ" ಅಂತ, ಅದು ನಂಗೆ ಈಗ ಅರ್ಥ ಆಯ್ತು. ಒಂದು ವರ್ಷ ಲೇಟು. ನಿಮ್ಮ ಫೋನು ಸ್ವಿಚ್ ಆಫ್ ಬರ್ತೈತೆ, ಅದಕ್ಕೇ ಕಾಗದ. ನಿಮ್ಮ ಮಗಳು ಯಶೋದಕ್ಕ ಭಾನುವಾರ ಹಿಟ್ಟು ತಗಂಡು ನೀವಿರೋ ಮಾಡದಕೆರೆಗೆ ಬರ್ತಾರಲ್ಲ, ಅವರೇ ಓದಿ ಹೇಳ್ತಾರೆ. ಬೈಯೋದಿದ್ರೆ ಪೂರ್ತಿ ಕೇಳಿ ಬೈರಿ.

ನಾನು ನಿಮ್ಮ ವಾಯ್ಸ್ ಮೆಸೇಜಿಗೆ ಎಂಥ ಫ್ಯಾನು ಗೊತ್ತಾ? ದಿನಾ ಬೆಳಗ್ಗೆ ಕೆರೆ ತೂಬಿನ ಹತ್ರ ನಿಂತ್ಕಂಡು, ಹಿಂದೆ ಕುರಿ ಅರಚ್ತಿದ್ರೂ, "ಇವತ್ತು ನೀರಿನ ಮೇಲೆ ಒಂಬತ್ತು ಮೆಟ್ಲು ಕಾಣ್ತವೆ, ಎಲ್ರಿಗೂ ನಮಸ್ಕಾರ" ಅಂತಿದ್ರಿ. ಅಷ್ಟೇ. ಹಲ್ಲುಜ್ಜುತ್ತಾ ಎರಡೆರಡು ಸಲ ಕೇಳ್ತಿದ್ದೆ. ಒಂದೂ ಡಿಲೀಟ್ ಮಾಡಿಲ್ಲ.

ಅಂಥವಳು ಹಂಗ್ಯಾಕೆ ಆಡಿದೆ? ಡ್ಯಾಮ್ ಕೋಡಿ ಬೀಳೋಕೆ ಐದೇ ಅಡಿ ಬಾಕಿ ಅಂತ ಮೆಸೇಜ್ ಬಂದಿತ್ತು. ವಾರಕ್ಕೆ ಎರಡಡಿ ಏರ್ತಿತ್ತು. "ಇನ್ನು ಮೂರೇ ವಾರ, ಕೋಡಿ ಬಿದ್ದು ಹೊಳೆ ಹರಿದು ನಮ್ಮ ಕೆರೆ ಫುಲ್" ಅಂತ ಗ್ರೂಪಿಗೆ ಹಾಕ್ಬಿಟ್ಟೆ. ಎಲ್ರೂ ಹಾರ್ಟ್ ಒತ್ತಿದ್ರು. ನಮ್ಮಪ್ಪ ತಿಪ್ಪೇರುದ್ರಪ್ಪ, "ಹೊಸ ನೀರು ಬರೋದಾದ್ರೆ ಹಳೇ ನೀರು ಯಾಕಿಟ್ಕಬೇಕು? ತೂಬು ಎತ್ತಾಣ, ಈರುಳ್ಳಿಗಾದ್ರೂ ಆಗ್ತೈತೆ" ಅಂದ್ರು. ನೀವೊಬ್ರೇ ಬ್ಯಾಡ ಅಂದಿದ್ದು. "ಲೇ ತಿಪ್ಪೇರುದ್ರ, ಕುರಿ ಮೆಟ್ಲಿಂದ ಕೆಳಗಿನ ನೀರು ಕುರೀದು. ನಮ್ಮಜ್ಜನ ಕಾಲದಿಂದ ಅದನ್ನ ಯಾರೂ ಬಿಟ್ಟಿಲ್ಲ." ಆಮೇಲೆ ನಂಗೆ, "ಏನವ್ವ ಮೊಬೈಲ್ ಮೇಡಮ್ಮು, ಆ ಡ್ಯಾಮು ತಟ್ಟೆ ಇದ್ದಂಗೆ, ತಟ್ಟೆ ತಳಕ್ಕಿಂತ ಬಾಯಿ ಅಗಲ ಕಣವ್ವ..." ಅಂತ ಶುರು ಮಾಡಿದ್ರಿ. ನಾನು ಪೂರ್ತಿ ಕೇಳ್ಲೇ ಇಲ್ಲ. ಕುರಿ ಕನ್ನಡಕ ಹಾಕ್ಕಂಡಿರೋ ಸ್ಟಿಕರ್ ಕಳಿಸಿ, "ಸೈಂಟಿಸ್ಟ್ ಅಜ್ಜ" ಅಂತ ಬರೆದೆ. ಎಲ್ರೂ ನಕ್ರು. ಸ್ವಲ್ಪ ಹೊತ್ತಿಗೆ ಕೆಳಗೊಂದು ಸಾಲು: ನೀವು ಗ್ರೂಪ್ ಬಿಟ್ಟಿದ್ರಿ.

ಮೇಲಕ್ಕೆ ಹೋದಂಗೆಲ್ಲ ಡ್ಯಾಮಲ್ಲಿ ನೀರು ಅಗಲಕ್ಕೆ ಹರಡ್ಕಂತೈತೆ, ತಳದಲ್ಲಿ ಹತ್ತಡಿ ತುಂಬೋ ನೀರಿಗೆ ಬಾಯಲ್ಲಿ ಒಂದಡಿಯೂ ಏರಲ್ಲ ಅಂತ ನಂಗೇನು ಗೊತ್ತಿತ್ತು? ಗೊತ್ತಿದ್ದೋರು ಹೇಳ್ತಿದ್ರು, ನಾನು ನಗ್ತಿದ್ದೆ. ತೂಬು ಎತ್ತಿದ್ರು, ಕುರಿ ನೀರೂ ಈರುಳ್ಳಿಗೆ ಹರಿದೋಯ್ತು. ಆಮೇಲೆ ಮಳೆ ನಿಂತೋಯ್ತು. ಕೋಡಿಗೆ ಎರಡಡಿ ಇರೋವಾಗ ಡ್ಯಾಮೂ ನಿಂತೋಯ್ತು. ಅಲ್ಲಿ ಸಮುದ್ರದಂಗೆ ನೀರು, ಜನ ಸೆಲ್ಫಿ ತಗಳೋಕೆ ಹಿರಿಯೂರಿಂದ ಬರ್ತಿದ್ರು. ಕೆಳಗೆ ನಮ್ಮ ಕೆರೆಗೆ ಒಂದು ಹನಿ ಇಳೀಲಿಲ್ಲ. ಸಂಕ್ರಾಂತಿ ಹೊತ್ತಿಗೆ ಕೆಸರೂ ಬಿರಿದಿತ್ತು. ನೀವು ಕಂಬಳಿ ಹೆಗಲಿಗೆ ಹಾಕ್ಕಂಡು ಹಿಂಡು ಹೊಡ್ಕಂಡು ಹೋಗಿದ್ದನ್ನ ಮಾಳಿಗೆ ಮೇಲಿಂದ ನೋಡ್ದೆ. ಯಲ್ಲದಕೆರೆ ದಾಟೋದ್ರೊಳಗೆ ನಿಮ್ಮ ಮುದಿ ಕುರಿ ಬೆಳ್ಳಿ ಬಿದ್ದಿದ್ದು ಮತ್ತೆ ಏಳ್ಲೇ ಇಲ್ಲ ಅಂತ ಯಶೋದಕ್ಕ ಹೇಳಿದ್ರು.

ನಮ್ಮ ಈರುಳ್ಳಿ ಚೆನ್ನಾಗೇ ಬಂತು, ಅಜ್ಜ. ಹೆಚ್ಚುವಾಗ ಅಳ್ತೀನಿ, ಅಮ್ಮಂಗೆ ಅನುಮಾನಾನೇ ಬರಲ್ಲ.

ಈಗ ಕೇಳ್ರಿ. ಹೋದ ವಾರ ಕೋಡಿ ಬಿತ್ತು. ಹೊಳೆ ಬಂತು, ಕೆರೆ ಏರ್ತೈತೆ. ದಿನಾ ಬೆಳಗ್ಗೆ ನಾನೇ ಹೋಗಿ ಎಣಿಸಿ ಗ್ರೂಪಿಗೆ ಹೇಳ್ತಿದೀನಿ, ನಿಮ್ಮ ಥರಾನೇ, ನಮಸ್ಕಾರಾನೂ ಸೇರಿಸಿ. "ಕುರಿ ಸೌಂಡೇ ಇಲ್ವಲ್ಲ" ಅಂತ ಓಬಮ್ಮತ್ತೆ ಅಂದ್ರು. ಇವತ್ತು ನಾಲ್ಕೇ ಮೆಟ್ಲು ಕಾಣ್ತವೆ. ಸೋಮವಾರ ತೂಬು ಎತ್ತಾಣ ಅಂತ ಮತ್ತೆ ಶುರುವಾಗೈತೆ. ನೀರಿಳಿದು ಕುರಿ ಮೆಟ್ಲು ಬಂದ ತಕ್ಷಣ ಮುಚ್ಬೇಕು ಅಂತ ಜಗಳ ಆಡ್ದೆ. ಅಪ್ಪ ಕೇಳಿದ್ರು, "ಅದ್ಯಾವ್ದು ತೋರ್ಸು ನೋಡಾಣ." ತೋರಿಸೋಕೆ ಗೊತ್ತಿದ್ರೆ ತಾನೆ? ಕೆರೆ ಒಣಗಿದ್ದಾಗ ಎಲ್ಲಾ ಮೆಟ್ಲೂ ಬಯಲಾಗಿದ್ವು. ಆಗ ಆ ಕಡೆ ಹೋಗೋ ಮುಖ ನಂಗಿರ್ಲಿಲ್ಲ.

ಕ್ಷಮಿಸ್ರಿ ಅಂತ ಟೈಪ್ ಮಾಡೋದು ಸುಲಭ, ಪೆನ್ನಲ್ಲಿ ಬರೆಯೋಕೆ ಮೂರು ಹಾಳೆ ಹರಿದೆ. ನಿಮ್ಮ ಹಿಂಡು ಎಲ್ಲಿದ್ರೂ ಹಸಿರು ಸಿಗ್ಲಿ, ಒಂದು ಮರೀಗೂ ಕಾಲು ನೋವಾಗ್ದಿರ್ಲಿ.

ನಿಮ್ಮ ಮೊಬೈಲ್ ಮೇಡಮ್ಮು,
ಸುಮಾ

ಕುರಿ ಮೆಟ್ಲು ಮೇಲಿಂದ ಎಷ್ಟನೇದು ಅಜ್ಜ? ಬಂದು ಕಾಲಿಟ್ಟು ತೋರಿಸ್ತೀರೋ, ಇಲ್ಲ ಸೋಮವಾರ ನಾನೇ ಇನ್ನೊಂದು ಸಲ ತಪ್ಪಾಗಿ ಎಣಿಸ್ಲೋ?