ಚಕ್ರ ನೇರವಾದ ಮೇಲೆ ತುಳಿ

ಅಕ್ಕಾ,

ನಿನ್ನೆ ನಿನ್ನ ಬಲಗಾಲಿಗೆ ತಾಳ್ಮೆಯಿರಲಿಲ್ಲ. ಅದಕ್ಕೆ ಕಾರನ್ನೇ ಮಾರಿಬಿಡು ಅನ್ನಬೇಡ.

ನಿನ್ನ ಹಳೇ ವ್ಯಾನನ್ನು ಹಿಂದಿನ ಚಕ್ರಗಳು ತಳ್ಳುತ್ತಿದ್ದವು. ಇದರಲ್ಲಿ ಮುಂದಿನವೇ ಎಳೆಯಬೇಕು, ತಿರುಗಬೇಕಾದವೂ ಅವೇ. ನಾನು ಕೂರಿಸಿದ ಎಂಜಿನ್ನಿಗೆ ಶಕ್ತಿ ಜಾಸ್ತಿ. ತಿರುವಿನಲ್ಲೇ ಆಕ್ಸಿಲರೇಟರ್ ಜೋರಾಗಿ ತುಳಿದರೆ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಎರಡೂ ಕೈಯಲ್ಲಿ ಹಿಡಿ. ಚಕ್ರ ನೇರವಾದ ಮೇಲೆ ಮೆಲ್ಲಗೆ ತುಳಿ.

ಇವತ್ತು ಹತ್ತು ಗಂಟೆಗೆ ರೇಸ್ ತಂಡದ ಆಯ್ಕೆಯಿದೆ, ತಪ್ಪಿಸಿದರೆ ನೀನು ಇನ್ನೊಂದು ವರ್ಷ ಕಾಯಬೇಕು. ಬೆಳಿಗ್ಗೆ ನಾನೇ ಓಡಿಸಿ ನೋಡಿದೆ, ಕಾರು ಚೆನ್ನಾಗಿದೆ. ಕೀಲಿ ಸಕ್ಕರೆ ಡಬ್ಬಿಯ ಮೇಲಿದೆ.

ಅಮ್ಮನಿಗೂ ಸಿಟ್ಟಿಲ್ಲ. "ಗೇಟು ಹೇಗೂ ಬಿದ್ದಾಯ್ತು, ಇನ್ನು ಅವಳಿಗೆ ಅಡ್ಡ ಯಾವುದಿದೆ, ಹೋಗ್ಲಿ" ಅಂದಳು.

ಹೋಗಿದ್ದು ಇಷ್ಟೇ: ಒಂದು ಗೇಟು, ಮೂರು ಹೂಕುಂಡ.