ಸಾಕೆಟ್ಟಿಗೆ ಚಪ್ಪಲಿ ಮಂಜೂರು ಮಾಡಿದವರಿಗೆ

ಮಾನ್ಯ ಸಾರ್ವಜನಿಕ ಕಟ್ಟಡಗಳ ನಿರ್ವಹಣಾಧಿಕಾರಿಗಳೇ,

ನಾನು ಕೇಳಿದ್ದು ಶಾಕ್ ಹೊಡೆಯದಂತೆ ಕಾಯುವ ಒಂದು ಸ್ವಿಚ್ಚು. ತಾವು ಮಂಜೂರು ಮಾಡಿದ್ದು ಒಂದು ಜೊತೆ ರಬ್ಬರ್ ಚಪ್ಪಲಿ. ಅದೂ ಒಂಬತ್ತನೇ ಸೈಜು. ಈ ಔದಾರ್ಯಕ್ಕೆ ಕೈಮುಗಿಯೋಣವೆಂದರೆ, ತಮ್ಮ ಸಮುದಾಯ ಭವನದೊಳಗೆ ಎತ್ತಿದ ಕೈ ಯಾವ ವೈರಿಗೆ ತಗುಲೀತೋ ಎಂಬ ಭಯ. ಹಾಗಾಗಿ ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಓದುಗರಿಗೂ ವಿಷಯ ತಿಳಿಯಲಿ. ಭವನದ ನೆಲಮಹಡಿಯಲ್ಲಿ ನನ್ನ ಅಕ್ಕ ಹನ್ನೆರಡು ಮಂದಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಾಳೆ. ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಒಂದು ಸಾಕೆಟ್ ಇದೆ, ಅದರ ಕೆಳಗೆ ಒಂದು ಜೊತೆ ರಬ್ಬರ್ ಚಪ್ಪಲಿ ಇವೆ. ಪ್ಲಗ್ ಹಾಕುವವರು ಮೊದಲು ಅವನ್ನು ಮೆಟ್ಟಿಕೊಳ್ಳಬೇಕು, ಹಾಕಿದ ಮೇಲೆ ಮುಂದಿನವರಿಗಾಗಿ ಅಲ್ಲೇ ಬಿಡಬೇಕು. ಇದು ಅಲ್ಲಿನ ಪದ್ಧತಿ.

ಮೊದಲು ಹೀಗಿರಲಿಲ್ಲ. ಭವನ ಕಟ್ಟಿದಾಗ ಬೋರ್ಡಿನಲ್ಲಿ ಒಂದು ಸುರಕ್ಷತಾ ಸ್ವಿಚ್ ಇತ್ತು. ನಾನು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಅದರ ಕೆಲಸ ನನಗೆ ಗೊತ್ತು. ಹೋದ ಕರೆಂಟು ಅಷ್ಟೂ ವಾಪಸ್ ಬಂತೇ ಎಂದು ಅದು ಸದಾ ನೋಡುತ್ತಿರುತ್ತದೆ. ಎಳ್ಳಷ್ಟು ಕಡಿಮೆಯಾದರೂ ಯಾರದೋ ಮೈಗೆ ಇಳಿಯುತ್ತಿದೆ ಎಂದು ಶಂಕಿಸಿ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಫ್ಯೂಸ್ ಇದೆಯಲ್ಲ ಎನ್ನುತ್ತೀರಿ. ಫ್ಯೂಸ್ ಕಾಯುವುದು ವೈರನ್ನು. ಮನುಷ್ಯ ಸಾಯಲು ಸಾಕಾಗುವಷ್ಟು ಕರೆಂಟಿಗೆ ಅದು ಬೆಚ್ಚಗೂ ಆಗುವುದಿಲ್ಲ.

ಅಂಥ ಸ್ವಿಚ್ ಮಾಡಿದ ಅಪರಾಧವಾದರೂ ಏನು? ಮೇಲಿನ ಮಹಡಿಯ ತಮ್ಮ ಕಚೇರಿಯಲ್ಲಿ ಚಹಾದ ಕೆಟಲ್ ಹಾಕಿದಾಗಲೆಲ್ಲ ಕರೆಂಟು ತೆಗೆಯಿತು. ಕೆಟಲ್ ಕೆಟ್ಟಿದೆ ಎಂದು ದಿನಕ್ಕೆ ನಾಲ್ಕು ಸಲ ಹೇಳಿತು. ತಮ್ಮವರು ಕೂಲಂಕಷವಾಗಿ ಪರಿಶೀಲಿಸಿ ಸ್ವಿಚ್ಚನ್ನೇ ಕಿತ್ತರು. ಹಿಟ್ಟಿನಲ್ಲಿ ಹುಳ ಇದೆ ಎಂದವಳನ್ನು ಅಡುಗೆಮನೆಯಿಂದ ಓಡಿಸಿದ ಹಾಗಾಯಿತು. ಸ್ವಿಚ್ಚಿನ ಬದಲು ಸಾಕೆಟ್ಟಿನ ಕೆಳಗೆ ಆ ಮೊದಲ ಜೊತೆ ಚಪ್ಪಲಿ ಬಂದವು. ಕಿತ್ತ ಸ್ವಿಚ್ ಈಗ ತಮ್ಮ ಗಾಜಿನ ಬೀರುವಿನಲ್ಲಿ, ಬೀಗದೊಳಗೆ, "ಸುರಕ್ಷತಾ ಸಾಧನ, ಜೋಪಾನ" ಎಂಬ ಚೀಟಿ ಅಂಟಿಸಿಕೊಂಡು ಕೂತಿದೆ. ಅದಕ್ಕೆ ಯಾವ ಅಪಾಯವೂ ಇಲ್ಲ.

ಹೋದ ತಿಂಗಳು ಅಕ್ಕ ಇಸ್ತ್ರಿಪೆಟ್ಟಿಗೆ ಮುಟ್ಟಿದ್ದೇ ತಡ, ಶಾಕ್ ಹೊಡೆದು ಮೇಜಿನ ಮೇಲೆ ಹೋಗಿ ಬಿದ್ದಳು. ಎರಡು ಬೆರಳು ಸುಟ್ಟವು. ಹೆಂಗಸರೆಲ್ಲ ಕಿರುಚುತ್ತಿದ್ದರೆ ಇವಳು ಬಿದ್ದಲ್ಲಿಂದಲೇ, "ನನ್ನೇನ್ ನೋಡ್ತೀರೇ, ಬಟ್ಟೆ ಸುಡ್ತಿದೆ, ಪೆಟ್ಟಿಗೆ ಎತ್ರೇ!" ಎಂದಳಂತೆ. ಪುಣ್ಯಕ್ಕೆ ಯಾರೂ ಮಾತು ಕೇಳಲಿಲ್ಲ. ಒಬ್ಬಾಕೆ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು.

ಚಪ್ಪಲಿ ಎಲ್ಲಿದ್ದವು? ಕಾವಲುಗಾರನ ಕಾಲಲ್ಲಿ, ಶೌಚಾಲಯದಲ್ಲಿ. "ಐದೇ ನಿಮಿಷ ಮೆಟ್ಕೊಂಡ್ ಹೋಗಿದ್ದೆ ಅಣ್ಣಾ," ಎಂದ ಆತ, ಪಾಪ, ಅಳುಮುಖ ಮಾಡಿಕೊಂಡು. "ಅಷ್ಟರಲ್ಲೇ ಪ್ಲಗ್ ಹಾಕ್ಬೇಕಿತ್ತಾ ಟೀಚರಮ್ಮ?"

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪೆಟ್ಟಿಗೆಯ ವೈರಿನ ಬುಡಕ್ಕೆ ಟೇಪು ಸುತ್ತಿಕೊಟ್ಟವನು ನಾನೇ. ಹೊಸ ವೈರು ಹಾಕುತ್ತೇನೆ ಎಂದರೆ, "ನಿನ್ ರಾಗ ಬೇಡ, ಕ್ಲಾಸಿಗೆ ಹೊತ್ತಾಯ್ತು, ಸುತ್ಕೊಡು" ಎಂದು ಗದರಿದಳು, ಸುತ್ತಿಕೊಟ್ಟೆ. ತಪ್ಪು ನನ್ನದು. ಆದರೆ ಮಾನ್ಯರೇ, ರಿಪೇರಿಯವನು ಅವಸರಪಡುತ್ತಾನೆ, ಅಕ್ಕಂದಿರು ಗದರುತ್ತಾರೆ, ಟೇಪು ಸಡಿಲವಾಗುತ್ತದೆ. ಲೋಕದಲ್ಲಿ ನನ್ನಂಥವರು ಇದ್ದಾರೆಂದೇ ಅಲ್ಲವೇ ಅಂಥ ಸ್ವಿಚ್ಚನ್ನು ಕಂಡುಹಿಡಿದದ್ದು?

ತಮ್ಮ ತನಿಖಾ ವರದಿ ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ: "ಘಟನೆಯ ವೇಳೆ ಬಳಕೆದಾರರು ನಿಗದಿತ ಪಾದರಕ್ಷೆ ಧರಿಸಿರಲಿಲ್ಲ." ಆದ್ದರಿಂದ ಇನ್ನೊಂದು ಜೊತೆ! ಅಕ್ಕನ ಕಾಲು ನಾಲ್ಕನೇ ಸೈಜು. ತಮ್ಮ ಒಂಬತ್ತನೇ ಸೈಜನ್ನು ಮೆಟ್ಟಿದರೆ ಶಾಕಿಗೆ ಮುಂಚೆಯೇ ಎಡವುತ್ತಾಳೆ. ಎಡವಿ, ಇಸ್ತ್ರಿಪೆಟ್ಟಿಗೆ ಕೈಯಲ್ಲಿರುವಾಗಲೇ ಕಿಟಕಿಯ ಕಬ್ಬಿಣದ ಸರಳು ಹಿಡಿದುಕೊಂಡರೆ, ಕರೆಂಟು ಒಂದು ಕೈಯಲ್ಲಿ ಹೊಕ್ಕು ಇನ್ನೊಂದು ಕೈಯಲ್ಲಿ ಹೊರಡುತ್ತದೆ. ಕಾಲಿಗೆ ಏನು ಮೆಟ್ಟಿದ್ದಾಳೆಂದು ಅದು ಬಗ್ಗಿ ನೋಡುತ್ತದೆಯೇ?

ನಿಂತಿದ್ದ ತರಗತಿ ಸೋಮವಾರ ಮತ್ತೆ ಶುರುವಾಗುತ್ತದೆ. ಹೋಗಬೇಡ ಎಂದೆ. ಪರೀಕ್ಷೆ ಹತ್ತಿರ ಬಂತು ಎಂದಳು. ಪ್ಲಗ್ ಹಾಕಲು ಮಾತ್ರ ಬೇರೆ ಯಾರನ್ನೂ ಬಿಡುವುದಿಲ್ಲವಂತೆ, ತಾನೇ ಹಾಕುತ್ತಾಳಂತೆ. ಯಾಕೆ ಎಂದು ಕೇಳಿದೆ. ಗಾಯ ಮಾಗದ ಬೆರಳಲ್ಲೇ ಸೂಜಿಗೆ ದಾರ ಪೋಣಿಸುತ್ತಾ, "ಅವರಿಗೆಲ್ಲ ಮಕ್ಕಳಿದಾರೆ ಕಣೋ. ನಂಗ್ಯಾರಿದಾರೆ, ನೀನೊಬ್ಬ" ಎಂದಳು.

ಆದ್ದರಿಂದ ಸೋಮವಾರ ಹತ್ತು ಗಂಟೆಯೊಳಗೆ ಆ ಸ್ವಿಚ್ಚನ್ನು ಬೋರ್ಡಿಗೆ ಹಾಕಿಸಿ. ಅದರ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿಸಿ. ತಮ್ಮ ಅಧೀನದ ಬೇರೆ ಕಟ್ಟಡಗಳ ಸಾಕೆಟ್ಟುಗಳಿಗೂ ಅದೇ ರಕ್ಷಣೆ ಕೊಡಿಸಿ. ಇಲ್ಲವಾದರೆ ಹತ್ತು ಗಂಟೆಗೆ ಅಕ್ಕನ ಕೈಯಿಂದ ಕಿತ್ತುಕೊಂಡು ಆ ಪ್ಲಗ್ ಹಾಕುವವನು ನಾನು. ನನಗೂ ಇರುವವಳು ಅವಳೊಬ್ಬಳೇ.

ಇಂತಿ,
ಟೇಪು ಸುತ್ತಿಕೊಟ್ಟ ತಮ್ಮ